ಬೆನ್ನಿಗೆ ಬೆಟ್ಟ, ಎದುರಿಗೆ ಅಂಗಳ

ಜುಲೈ ತಿಂಗಳ ಒಂದು ರಾತ್ರಿ, ಎರಡು ಗಂಟೆಯಾಗಿರಬೇಕು, ಬಾಗಿಲಿಗೆ ಯಾರೋ ಮೆಲ್ಲಗೆ ಬಡಿಯುವ ಸದ್ದಿಗೆ ಎಚ್ಚರವಾಯಿತು. ದೀಪ ಹಾಕಿ ನೋಡಿದರೆ ಜಗಲಿಯ ಮೂಲೆಯಲ್ಲಿ ಜೋಡಿಸಿಟ್ಟಿದ್ದ ಚಪ್ಪಲಿಗಳು ನೀರಿನಲ್ಲಿ ತೇಲಿಬಂದು ಬಾಗಿಲಿಗೆ ತಾಗುತ್ತಿದ್ದವು. ಕೆಂಪು ನೀರು ಹೊಸ್ತಿಲು ದಾಟಿ ನಡುಮನೆಯ ಅರ್ಧಕ್ಕೆ ಬಂದಾಗಿತ್ತು. ಮೂರು ತಿಂಗಳ ಹಿಂದಷ್ಟೇ ಅಂಗಳದಲ್ಲಿ ಕಟ್ಟಿಸಿದ್ದ ಪುಟ್ಟ ಕೊಳ ಯಾವಾಗಲೋ ತುಂಬಿಹೋಗಿ, ಸೊಳ್ಳೆ ಆಗದಿರಲಿ ಎಂದು ಅದರಲ್ಲಿ ಬಿಟ್ಟಿದ್ದ ಗಪ್ಪಿ ಮೀನುಗಳು ನಮ್ಮ ಚಪ್ಪಲಿಗಳ ನಡುವೆ ಈಜಾಡುತ್ತಿದ್ದವು. ನಾನೂ ನಮ್ಮನೆಯವರೂ ಗೋಣಿಚೀಲ ಅಡ್ಡ ಹಾಕಿ, ಬೆಳಗಾಗುವ ತನಕ ನೀರು ಮೊಗೆದು ಹೊರಗೆ ಚೆಲ್ಲಿದೆವು. ಶಿರಸಿ ಕಡೆಯ ತೋಟದ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದ ನನ್ನ ಅಮ್ಮ, ಆಯಿ, ಮಂಚದ ಮೇಲೆ ಕಾಲು ಮಡಚಿ ಕೂತು ನೋಡುತ್ತಿದ್ದಳು. ಬೆಳಕು ಹರಿದ ಮೇಲೆ ಒಂದೇ ಮಾತು ಹೇಳಿದಳು: "ನೀರಿಗೆ ಬಾಗ್ಲು ತೋರ್ಸಿದ್ದೆ ಕೂಸೆ, ಅದು ಬತ್ತು."

ನೀರಿಗೆ ಬಾಗಿಲು ತೋರಿಸಿದ್ದೀಯೆ, ಅದು ಬರುತ್ತದೆ ಎಂಬ ಆ ಮಾತು ತಲೆಯಲ್ಲಿ ಉಳಿಯಿತು. ಯಾಕೆಂದರೆ ಬಾಗಿಲು ತೋರಿಸಿದ್ದು ನಿಜ, ಅದೂ ದುಡ್ಡು ಕೊಟ್ಟು, ಸಲಹೆ ಕೇಳಿ.

ನಮ್ಮ ಮನೆ ಕಾರವಾರದ ಹೊರಗೆ, ಗುಡ್ಡದ ಬುಡದಲ್ಲಿ. ಈ ಊರಿನ ಜಾಗದ ಗುಣವೇ ಹಾಗೆ, ಸಹ್ಯಾದ್ರಿ ಇಲ್ಲಿ ಸಮುದ್ರದ ಹತ್ತಿರಕ್ಕೇ ಬಂದು ನಿಂತಿದೆ, ನಡುವೆ ಸಿಕ್ಕ ಪಟ್ಟಿಯಲ್ಲಿ ರಸ್ತೆ, ರೈಲು, ತೆಂಗು, ನಾವು. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಕಡಲು. ಐದು ಗುಂಟೆ ಜಾಗದಲ್ಲಿ ಮನೆ ಕಟ್ಟುವಾಗ ಎಲ್ಲರೂ ಹೇಳಿದಂತೆ ಪೂರ್ವಕ್ಕೆ ಬಾಗಿಲಿಟ್ಟೆವು. ಗುಡ್ಡದ ಕಡೆಯಿಂದ ಇಳಿದು ಬರುವ ಓಣಿ ಕೊನೆಯಾಗುವುದು ನಮ್ಮ ಗೇಟಿನ ಎದುರಿಗೆ. ಗೇಟಿನಿಂದ ಬಾಗಿಲಿಗೆ ಗೆರೆ ಎಳೆದಷ್ಟು ನೇರ. ವಾಸ್ತು ತಿಳಿದವರು ಇದನ್ನು ಬೀದಿಶೂಲ ಎನ್ನುತ್ತಾರೆ. ಮನೆಗೆ ಜಾಗ, ದಿಕ್ಕು ನೋಡುವ ಚೀನೀಯರ ಶಾಸ್ತ್ರವಾದ ಫೆಂಗ್ ಶುಯಿಯಲ್ಲಿ ಇಂಥ ನೇರ ಗೆರೆಯಲ್ಲಿ ನುಗ್ಗಿ ಬರುವುದಕ್ಕೆ ಶಾ ಎಂದು ಹೆಸರು, ಬಾಣದಂತೆ ಚುಚ್ಚುವ ಕೆಟ್ಟ ಚಿ, ಅಂದರೆ ಕೆಟ್ಟ ಶಕ್ತಿ. ಸ್ನೇಹಿತರ ಮೂಲಕ ಪರಿಚಯವಾದ ಸಲಹೆಗಾರರೊಬ್ಬರು ಬಂದು ನೋಡಿ ಹೋದರು. ಬಾಗಿಲ ಮೇಲೆ ಉಬ್ಬುಗನ್ನಡಿ ತೂಗುಹಾಕಿ, ಈಶಾನ್ಯಕ್ಕೆ ಕೊಳ ಮಾಡಿಸಿ, ಅಂಗಳಕ್ಕೆ ಪೇವರ್ ಕಲ್ಲು ಹಾಸಿಸಿ ಎಂದರು. ಮೂರನ್ನೂ ಮಾಡಿದೆವು. ಕನ್ನಡಿ ಈಗಲೂ ಹೊಳೆಯುತ್ತಿದೆ. ಪೇವರ್ ಹಾಸಿದ ಮೇಲೆ ಮಾತ್ರ ಅಂಗಳಕ್ಕೆ ನೀರು ಕುಡಿಯುವ ಬಾಯಿ ಇಲ್ಲವಾಯಿತು.

ಆ ವಾರ ಶಾಲೆಗೆ ಮಳೆಯ ರಜೆ. ಅಡಿಕೆ ತೋಟದ ನಡುವೆ ಬೆಳೆದವಳು ನಾನು, ನೀರಿನ ದಾರಿ ನೋಡುವುದನ್ನು ಹೇಗೆ ಮರೆತೆ ಎಂಬ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಈ ಫೆಂಗ್ ಶುಯಿ ಅಂದರೆ ನಿಜವಾಗಿ ಏನು ಎಂದು ಬುಡದಿಂದ ತಿಳಿಯಬೇಕು ಎಂಬ ಹಟ. ಓದುತ್ತ ಹೋದಂತೆ ಹೆಸರೇ ಮೊದಲು ತಡೆದು ನಿಲ್ಲಿಸಿತು. ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಅಷ್ಟೇ. ನಾಲ್ಕನೇ ಶತಮಾನದ ಗುವೋ ಪು ಎಂಬ ಪಂಡಿತನ ಹೆಸರಿನಲ್ಲಿರುವ ಹಳೆಯ ಗ್ರಂಥದಲ್ಲಿ ಇದರ ತಿರುಳಿದೆ. ಚಿ ಎಂಬ ಜೀವಶಕ್ತಿ ಗಾಳಿ ಏರಿದರೆ ಚದುರಿಹೋಗುತ್ತದೆ, ನೀರು ಸಿಕ್ಕಲ್ಲಿ ನಿಲ್ಲುತ್ತದೆ. ಆದ್ದರಿಂದ ಗಾಳಿಗೆ ಮರೆಯಾದ, ನೀರು ಕೈಗೆ ಸಿಗುವ ಜಾಗ ಹುಡುಕು ಎನ್ನುವುದು ಅದರ ಸಾರ. ಆ ಗ್ರಂಥ ಬರೆದದ್ದು ಸತ್ತವರ ಸಮಾಧಿಗೆ ಜಾಗ ಆರಿಸುವುದಕ್ಕೆ. ಬದುಕಿರುವವರ ಮನೆಗೂ ಅದೇ ಮಾತು ಸಲ್ಲುತ್ತದೆ.

ಒಳ್ಳೆಯ ಜಾಗದ ಚಿತ್ರವನ್ನು ಚೀನೀಯರು ನಾಲ್ಕು ಪ್ರಾಣಿಗಳಲ್ಲಿ ಹೇಳುತ್ತಾರೆ. ಬೆನ್ನಿಗೆ ಕಪ್ಪು ಆಮೆ, ಅಂದರೆ ಎತ್ತರದ ಗುಡ್ಡ. ಎಡಕ್ಕೆ ಹಸಿರು ಡ್ರ್ಯಾಗನ್, ಬಲಕ್ಕೆ ಬಿಳಿ ಹುಲಿ, ಇವೆರಡೂ ಮನೆಯನ್ನು ತಬ್ಬಿದಂತೆ ಚಾಚಿದ ಗುಡ್ಡದ ತೋಳುಗಳು. ಎದುರಿಗೆ ಕೆಂಪು ಹಕ್ಕಿ, ಅಂದರೆ ತೆರೆದ ಬಯಲು, ಅದರಾಚೆ ನೀರು. ಮನೆಯ ಮುಂದಿನ ಆ ಬಯಲಿಗೆ ಮಿಂಗ್ ಟಾಂಗ್ ಎಂದು ಹೆಸರು, ಬೆಳಕಿನ ಚಾವಡಿ ಎನ್ನಬಹುದು. ಓದಿ ಪುಸ್ತಕ ಮಡಚಿ ಕಣ್ಣು ಮುಚ್ಚಿದೆ. ಕಂಡದ್ದು ಚೀನಾ ಅಲ್ಲ, ತವರುಮನೆ.

ನಮ್ಮ ಘಟ್ಟದ ಮೇಲಿನ ಹಳೆಯ ಮನೆಗಳನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಬುಡದಲ್ಲಿ ಮನೆ, ಮನೆಯ ಮುಂದೆ ಸೆಗಣಿ ಸಾರಿಸಿದ ಅಂಗಳ, ನಡುವೆ ತುಳಸಿಕಟ್ಟೆ, ಅಂಗಳದ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ. ಎರಡೂ ಪಕ್ಕ ಗುಡ್ಡದ ಏಣು ಇಳಿದು ತೋಟವನ್ನು ಹಿಡಿದುಕೊಂಡಿರುತ್ತದೆ. ಬೆಟ್ಟದ ಸಂದಿಯ ಅಬ್ಬಿ ನೀರು, ಸೀಳಿದ ಅಡಿಕೆ ಮರದ ದಂಬೆಯಲ್ಲಿ ಇಳಿದು ಬಚ್ಚಲ ಹಂಡೆಗೆ ಬರುತ್ತಿತ್ತು. ಅಲ್ಲಿ ಮಿಕ್ಕದ್ದು ತೋಟದ ಬಸಿಗಾಲುವೆಗೆ. ಬೇಲಿಯ ದಣಪೆ ದಾಟಿ ಅಂಗಳಕ್ಕೆ ಬರುವ ದಾರಿ ಯಾವ ಮನೆಯಲ್ಲೂ ನೇರ ಇರಲಿಲ್ಲ, ಒಂದು ಹಲಸಿನ ಮರವನ್ನೋ ಕೊಟ್ಟಿಗೆಯನ್ನೋ ಬಳಸಿಯೇ ಬರಬೇಕು. ಬಂದವರು ಯಾರು ಎಂದು ಜಗಲಿಯಲ್ಲಿ ಕೂತವರಿಗೆ ಮೊದಲೇ ಕಾಣುತ್ತಿತ್ತು, ಬಂದವರಿಗೂ ಕೆಮ್ಮಿ ಸದ್ದು ಮಾಡಲು ಸಮಯ ಸಿಗುತ್ತಿತ್ತು.

ಆ ಬೆಟ್ಟದ ಲೆಕ್ಕ ನಮ್ಮ ಜಿಲ್ಲೆಯದ್ದೇ ಒಂದು ವಿಶೇಷ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಮರ ಉರುಳಿಸುವಂತಿಲ್ಲ. ದಕ್ಷಿಣ ಚೀನಾದಲ್ಲೂ ಹಾಂಗ್‌ಕಾಂಗ್‌ನ ಹಳ್ಳಿಗಳಲ್ಲೂ ಮನೆಗಳ ಬೆನ್ನಿಗೆ ಅರ್ಧಚಂದ್ರದ ಆಕಾರದಲ್ಲಿ ಇಂಥದೇ ಕಾಡು ಉಳಿಸಿಕೊಂಡಿದ್ದಾರೆ, ಫೆಂಗ್ ಶುಯಿ ಕಾಡು ಎಂದೇ ಅದರ ಹೆಸರು. ಹಾಂಗ್‌ಕಾಂಗ್ ಒಂದರಲ್ಲೇ ನೂರಕ್ಕೂ ಹೆಚ್ಚು ಇವೆ. ಚಳಿಗಾಳಿ ತಡೆಯಲು, ಮಣ್ಣು ಜಾರದಿರಲು, ಒರತೆ ಬತ್ತದಿರಲು. ನಮ್ಮವರು ಇದಕ್ಕೆ ಯಾವ ಶಾಸ್ತ್ರದ ಹೆಸರೂ ಇಡಲಿಲ್ಲ. ಆದರೆ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ ಚಳವಳಿ ಶುರುವಾಯಿತಲ್ಲ, ಅವರಿಗೆ ಗೊತ್ತಿದ್ದದ್ದೂ ಇದೇ ಎಂದು ನನಗನ್ನಿಸುತ್ತದೆ. ಮೇಲಿನ ಮರ ಹೋದರೆ ಕೆಳಗಿನ ನೀರು ಹೋಗುತ್ತದೆ.

ಇಷ್ಟು ತಿಳಿದ ಮೇಲೂ ಕಾರವಾರದ ಮನೆಯ ಗಂಟು ಬಿಚ್ಚಲಿಲ್ಲ. ಪುಸ್ತಕದ ಪ್ರಕಾರ ಬೆನ್ನಿಗೆ ಗುಡ್ಡ, ಎದುರಿಗೆ ನೀರು ಬೇಕು. ನಮ್ಮದು ಪೂರಾ ತಿರುಗುಮುರುಗು: ಎದುರಿಗೆ ಗುಡ್ಡ, ಬೆನ್ನಿಗೆ ಕಡಲು. ಹಾಗಾದರೆ ಬಾಗಿಲು ಪಶ್ಚಿಮಕ್ಕಿರಬೇಕಿತ್ತೇ? ಆದರೆ ಜೂನ್ ಮೊದಲ ವಾರದಿಂದ ಸೆಪ್ಟೆಂಬರ್‌ವರೆಗೆ ಮಳೆ ಬಂದು ಅಪ್ಪಳಿಸುವುದೇ ಆ ದಿಕ್ಕಿನಿಂದ. ಪಡುವಣ ಗೋಡೆ ಒಂದೇ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ, ಕಿಟಕಿಯ ಸರಳು ಉಪ್ಪುಗಾಳಿಗೆ ತುಕ್ಕು ತಿನ್ನುತ್ತದೆ. ಕರಾವಳಿಯಲ್ಲಿ ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಎರಚಲು ಹೊಡೆಯುವ ಕಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಆ ಕಡೆಗೆ ತಲೆಬಾಗಿಲು ಇಡುವುದೆಂದರೆ ಮಳೆಯನ್ನು ಮನೆಯೊಳಗೇ ಕರೆದಂತೆ.

ಉತ್ತರ ಹೊಳೆದದ್ದು ಚೀನೀಯರು ದಕ್ಷಿಣಕ್ಕೆ ಮುಖ ಮಾಡುವುದು ಯಾಕೆ ಎಂದು ಕೇಳಿಕೊಂಡಾಗ. ನಮ್ಮಲ್ಲಿ ದಕ್ಷಿಣವೆಂದರೆ ಯಮನ ದಿಕ್ಕು, ಬಾಡಿಗೆ ಮನೆಯೂ ಸುಲಭಕ್ಕೆ ಹೋಗುವುದಿಲ್ಲ. ಅಲ್ಲಿ ಅದೇ ಅತಿ ಶ್ರೇಷ್ಠ. ಕಾರಣ ಅವರ ಹವೆ: ಚಳಿಗಾಲದಲ್ಲಿ ಮಂಗೋಲಿಯಾ, ಸೈಬೀರಿಯಾ ಕಡೆಯಿಂದ ಮೂಳೆ ಕೊರೆಯುವ ಗಾಳಿ ಉತ್ತರದಿಂದ ಬೀಸುತ್ತದೆ, ಬಿಸಿಲು ದಕ್ಷಿಣದಿಂದ ಬೀಳುತ್ತದೆ. ಅವರ ಆಮೆ ಉತ್ತರಕ್ಕೆ ಕೂತದ್ದು ಆ ಗಾಳಿಗೆ ಬೆನ್ನು ಕೊಡಲಿಕ್ಕೆ. ಬೀಜಿಂಗಿನ ಅರಮನೆ ಕಟ್ಟುವಾಗ, 1406ರಿಂದ 1420ರವರೆಗೆ, ಅಲ್ಲಿ ಉತ್ತರಕ್ಕೆ ಗುಡ್ಡವೇ ಇರಲಿಲ್ಲ. ಕಂದಕ ತೋಡಿದ ಮಣ್ಣನ್ನು ಅರಮನೆಯ ಹಿಂದೆ ಪೇರಿಸಿ ಗುಡ್ಡ ಮಾಡಿದರು, ಜಿಂಗ್‌ಶಾನ್ ಎಂದು ಅದು ಈಗಲೂ ಇದೆ. ಅಂದರೆ ಆಮೆ ಎಲ್ಲಿ ಇರಬೇಕು ಎನ್ನುವುದನ್ನು ಗಾಳಿ ಹೇಳುತ್ತದೆ, ಇಲ್ಲದಿದ್ದರೆ ನಾವು ಮಾಡಿಕೊಳ್ಳಬೇಕು. ನಮ್ಮ ಗಾಳಿ ಬರುವುದು ನೈಋತ್ಯದಿಂದ, ಪಶ್ಚಿಮದಿಂದ. ನಮ್ಮ ಮನೆಯ ಬೆನ್ನು ಇರುವುದೂ ಅದೇ ಕಡೆ. ಬಾಗಿಲು ಸರಿಯಾಗಿಯೇ ಇತ್ತು. ಬೆನ್ನಿಗೆ ಆಮೆ ಇರಲಿಲ್ಲ, ಎದುರಿನ ನೀರಿಗೆ ದಾರಿ ಇರಲಿಲ್ಲ, ಕೊರತೆ ಇವೆರಡೇ.

ನೀರಿನ ಕೆಲಸ ಮೊದಲು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಜುಲೈ ಒಂದರಲ್ಲೇ 1000ದ ಆಸುಪಾಸು. ಬೀಜಿಂಗಿಗೆ ವರ್ಷವಿಡೀ ಬರುವುದು 600ರ ಹತ್ತಿರ. ಒಂದು ಗುಂಟೆ ಎಂದರೆ ಸುಮಾರು ನೂರು ಚದರ ಮೀಟರ್; ಅದರ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ನಮ್ಮ ಅಂಗಳಕ್ಕೆ ಓಣಿಯ ನೀರೂ ಸೇರಿ ಎಷ್ಟಾಗಬೇಕು! ಕೊಡೆ ಹಿಡಿದು ಗೇಟಿನ ಬಳಿ ಇಡೀ ಬೆಳಿಗ್ಗೆ ನಿಂತೆ. ನೀರು ಓಣಿಯ ಬಲಬದಿ ಹಿಡಿದು ಬರುತ್ತದೆ, ಗೇಟಿನ ಕಂಬಕ್ಕೆ ಬಡಿದು ಒಮ್ಮೆ ಸುಳಿ ತಿರುಗುತ್ತದೆ, ಪೇವರ್ ಸಿಕ್ಕ ಕೂಡಲೇ ತೆಳ್ಳಗೆ ಹರಡಿ ನೇರ ಬಾಗಿಲಿಗೆ ಓಡುತ್ತದೆ. ಒಂದು ಒಣಗಿದ ಹಲಸಿನ ಎಲೆ ಗೇಟಿನಿಂದ ಮೆಟ್ಟಿಲು ಮುಟ್ಟಲು ಹಿಡಿದದ್ದು ಹನ್ನೊಂದು ಎಣಿಸುವಷ್ಟು ಹೊತ್ತು. ಅಲ್ಲೇ ನಿಂತು ಎಣಿಸಿದೆ. ಶಾ ಎಂದರೆ ಏನು ಎಂದು ಆ ಎಲೆ ನೋಡಿ ನನಗೆ ಅರ್ಥವಾಯಿತು.

ಮನೆಯನ್ನು ಸೊಂಟಪಟ್ಟಿಯಂತೆ ಬಳಸಿ ಹರಿಯುವ ನೀರು ಶುಭ ಎಂದು ಫೆಂಗ್ ಶುಯಿ ಹೇಳುತ್ತದೆ. ಬೀಜಿಂಗಿನ ಅರಮನೆಯ ಒಳ ಅಂಗಳದಲ್ಲಿ ಹರಿಯುವ ಕಾಲುವೆಯನ್ನೂ ಬಿಲ್ಲಿನಂತೆ ಬಾಗಿಸಿದ್ದಾರೆ. ನಾನೂ ಒಂದು ಒಡ್ಯಾಣ ಮಾಡಿಸಬೇಕೆಂದು ಹೊರಟೆ. ಮಳೆ ಕಡಿಮೆಯಾದ ಮೇಲೆ ಮೇಸ್ತ್ರಿಯನ್ನು ಕರೆಸಿ, ಪೇವರ್ ಕಿತ್ತು, ಗೇಟಿನ ಒಳಗೇ ಅಡ್ಡಕ್ಕೆ ಶುರುವಾಗಿ ಅಂಗಳದ ಬಲಬದಿಗೆ ಬಾಗಿ, ಮನೆಯನ್ನು ಬಳಸಿ ಹಿತ್ತಿಲಿಗೆ ಹೋಗುವ ಕಾಲುವೆ ತೋಡಿಸಿದೆ. "ನೇರ ಹೊಡೆದ್ರೆ ಅರ್ಧ ದಿನದ ಕೆಲ್ಸ ಅಕ್ಕೋರೆ, ಸೊಟ್ಟ ಯಾಕೆ?" ಎಂದು ಅವರು ಕೇಳಿದರು. ನೇರ ತೋಡಿದರೆ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಬಾಗಿದರೆ ನಿಧಾನವಾಗಿ ಮಣ್ಣನ್ನು ಅಲ್ಲೇ ಬಿಟ್ಟು ಹೋಗುತ್ತದೆ ಎಂದೆ. ಎರಡು ಬಾಗು ತೋಡುವಷ್ಟರಲ್ಲಿ ಅವರೇ ಮೂರನೆಯದಕ್ಕೆ ಜಾಗ ತೋರಿಸಿದರು. ಕೊಳವನ್ನು ಈಶಾನ್ಯದಿಂದ ತೆಗೆದು ಕಾಲುವೆಯ ಕೊನೆಗೆ, ಹಿತ್ತಿಲಿನಲ್ಲಿ, ಇಂಗುಗುಂಡಿ ಮಾಡಿದೆವು. ಅಡಿಗೆ ಚಿರೆಕಲ್ಲಿನ ಚೂರು, ಮೇಲೆ ತೆಂಗಿನ ಸಿಪ್ಪೆ. ಗೇಟಿನಿಂದ ಬಾಗಿಲಿಗೆ ಬರುವ ನಡೆದಾರಿಯೂ ಈಗ ಬಾಗಿದೆ, ಬಾಗಿದ ಕಡೆ ದಾಸವಾಳ ಮತ್ತು ಒಂದು ಪಾರಿಜಾತ. ಅಂಗಳದ ನಡುವಿನ ಬಯಲನ್ನು ಮಾತ್ರ ಹಾಗೇ ಬಿಟ್ಟೆ. ಅಲ್ಲಿ ಏನೂ ಇಡಬಾರದು. ಮಿಂಗ್ ಟಾಂಗ್ ಎಂದರೂ ಅಂಗಳ ಎಂದರೂ ಅದು ಖಾಲಿ ಇದ್ದರೇ ಅಂಗಳ.

ಅದೇ ವರ್ಷ ತವರಿಗೆ ಹೊರಟಾಗ ಅಂಕೋಲಾ ದಾಟಿ ಶಿರೂರಿನ ಹತ್ತಿರ ಬಸ್ಸು ನಿಧಾನವಾಯಿತು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು, ಅಂಗಡಿ, ವಾಹನ, ಜನರನ್ನು ಗಂಗಾವಳಿ ನದಿಗೆ ನೂಕಿತ್ತು. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತ್ತು. ಒಂದು ಲಾರಿಯನ್ನು ನೀರಿನಿಂದ ಎತ್ತಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕಿಟಕಿಯಿಂದ ನೋಡಿದರೆ ಹಸಿರು ಗುಡ್ಡದ ಮೈಯಲ್ಲಿ ಕೆಂಪು ಗಾಯ. ಗುಡ್ಡದ ಸಾಲನ್ನು ಫೆಂಗ್ ಶುಯಿ ಡ್ರ್ಯಾಗನ್ನಿನ ನಾಡಿ ಎನ್ನುತ್ತದೆ, ಅದನ್ನು ಕಡಿಯಬಾರದು, ಕಡಿದರೆ ಊರಿಗೇ ಕೇಡು ಎನ್ನುತ್ತದೆ. ಕಡಿದ ಗುಡ್ಡದ ಬುಡದಲ್ಲಿ ನಿಂತ ಬಸ್ಸಿನೊಳಗೆ ಕೂತು ನನಗೆ ಅದು ಬರೀ ನಂಬಿಕೆಯ ಮಾತು ಎನಿಸಲಿಲ್ಲ.

ಮನೆಗೆ ಬಂದ ಮೇಲೆ ನಮ್ಮದೇ ಧರೆ, ಅಂದರೆ ಮಣ್ಣು ಕಡಿದ ಅಂಚು, ನೋಡಿದೆ. ಕಾರು ನಿಲ್ಲಿಸಲು ಉತ್ತರದ ಮೂಲೆಯಲ್ಲಿ ಎಂಟು ಅಡಿ ಎತ್ತರಕ್ಕೆ ನೆಟ್ಟಗೆ ಕೊರೆಸಿದ್ದೆವು. ಅದನ್ನು ಎರಡು ಮೆಟ್ಟಿಲಾಗಿ ಇಳಿಸಿ, ಮೇಲೆ ಲಾವಂಚ ನೆಟ್ಟೆ. ಚೀನೀಯರ ಪಂಚತತ್ತ್ವಗಳು ನಮ್ಮ ಪಂಚಭೂತಗಳಲ್ಲ: ಮರ, ಬೆಂಕಿ, ಮಣ್ಣು, ಲೋಹ, ನೀರು. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ, ಒಂದು ಇನ್ನೊಂದನ್ನು ಹದ್ದುಬಸ್ತಿನಲ್ಲಿಡುತ್ತದೆ. ಮಣ್ಣು ನೀರನ್ನು ತಡೆಯುತ್ತದೆ, ಮರ ಮಣ್ಣನ್ನು ಹಿಡಿಯುತ್ತದೆ. ಗೋಡೆಯ ಬಣ್ಣ, ಪರದೆಯ ಬಣ್ಣ ಆರಿಸಲು ಈ ಚಕ್ರ ಬಳಸುವವರಿದ್ದಾರೆ, ನನಗೆ ಅದು ಧರೆಯಲ್ಲಿ ಕೆಲಸಕ್ಕೆ ಬಂತು. ಲಾವಂಚದ ಬೇರು ಅಡ್ಡ ಹರಡದೆ ನೆಟ್ಟಗೆ ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಮೊದಲ ಬೇಸಿಗೆಯಲ್ಲಿ ದಿನಾ ಸಂಜೆ ಪಾತ್ರೆ ತೊಳೆದ ನೀರು ಹೊತ್ತು ಹಾಕಿದೆ. ಈಗ ಕೈಯಿಂದ ಕಿತ್ತರೆ ಬರುವುದಿಲ್ಲ.

ಪಡುವಣ ಬೆನ್ನಿಗೆ ಆಮೆ ಬೇಕಿತ್ತಲ್ಲ, ಅದು ಮರಗಳಿಂದಲೇ ಆಗಬೇಕು. ಉಪ್ಪುಗಾಳಿ ತಾಳುವ ಸುರಹೊನ್ನೆ ನಾಲ್ಕು, ಗೇರು ಎರಡು, ಒಳಸಾಲಿಗೆ ಮುರುಗಲು. ಬೇಗ ಆಗಲಿ ಎಂದರೆ ಗಾಳಿಮರ ಹಾಕಿ ಎಂದು ಹಲವರು ಹೇಳಿದರು, ಕಡಲತೀರಕ್ಕೆ ಅದು ಸರಿ, ಐದು ಗುಂಟೆಗೆ ಅದು ದೊಡ್ಡದಾಯಿತು. ಸಾಲನ್ನು ಒತ್ತಾಗಿ ಗೋಡೆಯಂತೆ ಮಾಡಲಿಲ್ಲ. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಕಡಲಿನಿಂದ ತಂಪು ಗಾಳಿ ಬರುವುದೂ ಆ ಕಡೆಯಿಂದಲೇ, ಅದು ಅಡುಗೆಮನೆಯ ಕಿಟಕಿಗೆ ಸಿಗಬೇಕು. ಎಲೆಗಳ ನಡುವೆ ಸೋಸಿಬಂದ ಗಾಳಿಗೂ ಬಯಲಿನಿಂದ ನುಗ್ಗುವ ಗಾಳಿಗೂ ಇರುವ ವ್ಯತ್ಯಾಸ ಮಾರ್ಚ್ ತಿಂಗಳಲ್ಲಿ ಒಲೆಯ ಮುಂದೆ ನಿಂತವರಿಗೆ ಗೊತ್ತು.

ಫೆಂಗ್ ಶುಯಿ ಹೆಸರಿನಲ್ಲಿ ಅಂಗಡಿಯಲ್ಲಿ ಮಾರುವ ಸಾಮಾನಿನ ಬಗ್ಗೆ ಹಲವರು ಕೇಳುತ್ತಾರೆ. ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಜಾತಿಯ ಗಿಡ, ಚಂದಕ್ಕೆ ಇಟ್ಟುಕೊಳ್ಳಿ. ಸಂಪತ್ತಿನ ಮೂಲೆಯ ವಿಷಯದಲ್ಲಿ ದಿಕ್ಸೂಚಿ ಹಿಡಿಯುವವರು ಆಗ್ನೇಯ ಎನ್ನುತ್ತಾರೆ. 1980ರ ದಶಕದಲ್ಲಿ ಲಿನ್ ಯುನ್ ಎಂಬವರು ಅಮೆರಿಕದಲ್ಲಿ ಹರಡಿದ ಪಂಥದವರು ಬಾಗಿಲಿನಿಂದ ಒಳಗೆ ನೋಡಿದಾಗ ದೂರದ ಎಡಮೂಲೆ ಎನ್ನುತ್ತಾರೆ, ನಮ್ಮ ಮನೆಗೆ ಅದು ನೈಋತ್ಯವಾಗುತ್ತದೆ. ಎರಡೂ ಮೂಲೆಗಳನ್ನು ಗುಡಿಸಿ ಚೊಕ್ಕಟವಾಗಿಟ್ಟಿದ್ದೇನೆ.

ಮನೆಯ ಒಳಗೆ ನಾನು ಪೂರ್ತಿ ಒಪ್ಪಿಕೊಂಡ ಸೂತ್ರ ಒಂದು ಮಂಚದ್ದು. ಅಪ್ಪಯ್ಯ ಹೋದ ಮೇಲೆ ಇಲ್ಲಿಗೆ ಬಂದ ಆಯಿಗೆ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ತಲೆದಿಂಬಿನ ಕೆಳಗೆ ಟಾರ್ಚು ಇಟ್ಟುಕೊಂಡು, ರಾತ್ರಿ ಹತ್ತು ಸಲ ಎದ್ದು ಕೂತು ಹಿಂದಕ್ಕೆ ತಿರುಗಿ ಬೆಳಕು ಬಿಡುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆ ಹಗಲೂ ಮಂಪರು ತರಿಸುತ್ತಿತ್ತು. ದುಃಖ, ವಯಸ್ಸು, ಹೊಸ ಜಾಗ ಎಂದುಕೊಂಡಿದ್ದೆವು. ಫೆಂಗ್ ಶುಯಿಯಲ್ಲಿ ಮಲಗುವವರ ತಲೆಯ ಹಿಂದೆ ಗಟ್ಟಿ ಗೋಡೆ ಇರಬೇಕು, ಮಲಗಿದಲ್ಲಿಂದ ಬಾಗಿಲು ಕಾಣಬೇಕು, ಆದರೆ ಮಂಚ ಬಾಗಿಲಿಗೆ ನೇರ ಇರಬಾರದು ಎಂದು ಓದಿದ ದಿನ ಎದ್ದು ಹೋಗಿ ಅವಳ ಕೋಣೆ ನೋಡಿದೆ. ದಕ್ಷಿಣಕ್ಕೆ ತಲೆ ಇರಲೆಂದು ನಾವೇ ಹಾಕಿದ್ದ ಮಂಚ, ಬಾಗಿಲು ಅವಳ ತಲೆಯ ಹಿಂದೆ. "ಆಯಿ, ಇಲ್ಲಿ ಎಂತ ತೊಂದ್ರೆ?" ಎಂದೆ. "ಬಾಗ್ಲು ಕಾಣ್ತಿಲ್ಲೆ," ಎಂದಳು. ಆರು ತಿಂಗಳಿನಿಂದ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ತವರುಮನೆಯಲ್ಲಿ ಅವಳು ಮಲಗುತ್ತಿದ್ದ ಜಾಗ ನೆನಪಾಯಿತು: ಬೆನ್ನಿಗೆ ದಪ್ಪ ಮಣ್ಣಿನ ಗೋಡೆ, ಓರೆಯಲ್ಲಿ ಹೆಬ್ಬಾಗಿಲು, ಅದರ ಸಂದಿಯಿಂದ ಅಂಗಳದ ಬೆಳಕು. ಉತ್ತರಕ್ಕೆ ತಲೆ ಹಾಕಲು ಅವಳು ಒಪ್ಪುವವಳಲ್ಲ. ಪೂರ್ವದ ಗೋಡೆಗೆ ತಲೆ ತಾಗುವಂತೆ ಮಂಚ ತಿರುಗಿಸಿದೆವು, ಬಾಗಿಲು ಕಾಲ ಕಡೆಯ ಎಡಕ್ಕೆ ಬಂತು. ಮಲಗಿ ನೋಡಿದಳು. "ಈಗ ಕಾಣ್ತು."

ಮಾತ್ರೆ ಬಿಟ್ಟದ್ದು ಡಾಕ್ಟರನ್ನು ಕೇಳಿಯೇ, ನಿಧಾನವಾಗಿ. ಟಾರ್ಚು ಮಾತ್ರ ಅದೇ ವಾರ ತಲೆದಿಂಬಿನ ಕೆಳಗಿನಿಂದ ಕಿಟಕಿಯ ಹಲಗೆಗೆ ಹೋಯಿತು, ಅಲ್ಲೇ ಇದೆ.

ಕಳೆದ ಮಳೆಗಾಲದಲ್ಲಿ ನೀರು ಗೇಟಿನೊಳಗೆ ಬಂತು, ಬಾಗಿತು, ಮನೆ ಬಳಸಿ ಹೋಯಿತು. ಮೆಟ್ಟಿಲು ಮುಟ್ಟಲಿಲ್ಲ. ಸುರಹೊನ್ನೆ ನನ್ನ ಭುಜಕ್ಕೆ ಬಂದಿದೆ, ಆಮೆಯಾಗಲು ಇನ್ನೂ ವರ್ಷಗಳು ಬೇಕು, ಅಲ್ಲಿಯವರೆಗೆ ಪಡುವಣ ಕಿಟಕಿಗೆ ಮಡಲಿನ ತಟ್ಟಿ. ಮೇ ಕೊನೆಯಾಗುತ್ತ ಬಂತು. ಕಾಲುವೆಯ ಎರಡನೇ ಬಾಗಿನಲ್ಲಿ ಒಂದು ಗೇಣು ಹೂಳು ನಿಂತಿದೆ, ಒಳ್ಳೆಯ ಮಣ್ಣು. ಮಳೆ ಹಿಡಿಯುವ ಮೊದಲು ಅದನ್ನು ಎತ್ತಿ ದಾಸವಾಳದ ಬುಡಕ್ಕೆ ಹಾಕಬೇಕು. ಆಯಿ ಬೆಳಿಗ್ಗೆಯೇ ಬುಟ್ಟಿ ತಂದು ಜಗಲಿಯಲ್ಲಿ ಇಟ್ಟಿದ್ದಾಳೆ.